ಮಳೆಗಾಲದ ಅಪ್ಪ ತಂದ ವಿಮಾನದ ಸೀಟು

ಮೊದಲಿಗೇ ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ಚೆನ್ನಾಗಿಲ್ಲ, ಸಾಲುಗಳು ಬಲಕ್ಕೆ ಹೋಗುತ್ತಾ ಹೋಗುತ್ತಾ ಕೆಳಗಿಳಿಯುತ್ತವೆ. ಒಂಬತ್ತನೆಯ ಇಯತ್ತೆಗೇ ಶಾಲೆ ಬಿಟ್ಟವಳು ನಾನು, ಹಾಗಾಗಿ ಮಾತುಗಳಲ್ಲೂ ತಪ್ಪಿರಬಹುದು. ಒಂದೊಂದು ಸಾಲನ್ನೂ ಮತ್ತೆ ಓದಿ ತಿದ್ದಿದ್ದೇನೆ. ಇದು ನನ್ನ ಮೌಶಿ, ಅಂದರೆ ತಾಯಿಯ ತಂಗಿ, ಇಂದಿರಾಬಾಯಿಯ ಕಥೆ. ಅವಳು ನನಗೆ ಹೇಳಿದಂತೆಯೇ ಬರೆದಿದ್ದೇನೆ. ಹಿರಿಯರನ್ನು ಹೆಸರು ಹಿಡಿದು ಬರೆಯುತ್ತಿದ್ದೇನಲ್ಲ, ಅದನ್ನೂ ಹೊಟ್ಟೆಗೆ ಹಾಕಿಕೊಳ್ಳಿ.

ಮೋಟೆಬೆನ್ನೂರಿನಲ್ಲಿ ಹೆದ್ದಾರಿಯಿಂದ ಬ್ಯಾಡಗಿಯ ರಸ್ತೆ ಒಡೆಯುವ ಕಡೆ ಇಂದಿರಾಬಾಯಿಯ ಚಹಾದಂಗಡಿ. ಮೇಲೆ ತಗಡು, ಒಳಗೆ ಒಂದು ಸ್ಟೋವು, ಮಿರ್ಚಿ ಭಜಿ ಕರಿಯಲು ಒಂದು ಬಾಣಲೆ, ಹೊರಗೆ ಗಿರಾಕಿಗಳಿಗೆ ಒಂದು ಕಲ್ಲಿನ ಚಪ್ಪಡಿ. ಹಾವೇರಿಯ ಕಡೆಯಿಂದ ಬರುವ ಲಾರಿಯವರೂ ನಿಲ್ಲಿಸುತ್ತಿದ್ದರು, ರಾಣೆಬೆನ್ನೂರಿನ ಕಡೆಯವರೂ ನಿಲ್ಲಿಸುತ್ತಿದ್ದರು. ಆದರೆ ಆ ಚಪ್ಪಡಿ ಬಿಸಿಲಿಗೆ ಕಾದ ಹಂಚಿನ ಹಾಗೆ ಸುಡುತ್ತಿತ್ತು. ಯಾರೂ ಕೂರುತ್ತಿರಲಿಲ್ಲ. ನಿಂತೇ ಚಹಾ ಹೀರಿ ಲಾರಿ ಹತ್ತಿಬಿಡುತ್ತಿದ್ದರು. ನಿಂತವರು ಚಹಾ ಕುಡಿಯುತ್ತಾರೆ, ಕೂತವರು ಮಾತ್ರ ಭಜಿ ತಿನ್ನುತ್ತಾರೆ ಎಂಬುದು ಇಂದಿರಾಬಾಯಿ ಅನುಭವದಿಂದ ಕಂಡುಕೊಂಡ ಸತ್ಯವಾಗಿತ್ತು.

ಅವಳ ಗಂಡ ಅಣ್ಣಾಜಿ ಗೋವಾದ ವಿಮಾನ ನಿಲ್ದಾಣದಲ್ಲಿ ಕೆಲಸಕ್ಕಿದ್ದ. ಮಾಂಡವಿ ಏರ್ ಎಂದು ಒಂದು ಪುಟ್ಟ ಕಂಪನಿ, ಎರಡೇ ವಿಮಾನ. ನಮ್ಮಲ್ಲಿ ಮದುವೆ ದಿಬ್ಬಣಕ್ಕೆ ಬಸ್ಸು ಹಿಡಿಯುತ್ತಾರಲ್ಲ, ಹಾಗೆ ಮುಂಬೈಯ ಜನ, ಬೆಂಗಳೂರಿನ ಜನ ರಜೆಯಲ್ಲಿ ಸಮುದ್ರ ನೋಡಲು ಇಡೀ ವಿಮಾನವನ್ನೇ ಬಾಡಿಗೆಗೆ ಹಿಡಿದು ಬರುತ್ತಿದ್ದರು. ಬೇಸಿಗೆಯ ಬಿಸಿಲೇರುವ ತನಕ ಈ ಹಾರಾಟ ನಡೆಯುತ್ತಿತ್ತು. ಮಳೆಗಾಲದಲ್ಲಿ ಯಾರು ಸಮುದ್ರ ನೋಡಲು ಹೋಗುತ್ತಾರೆ? ಆಗ ವಿಮಾನಗಳು ತಾಡಪಾಲು ಹೊದ್ದು ಸುಮ್ಮನೆ ನಿಲ್ಲುತ್ತಿದ್ದವು, ಅಣ್ಣಾಜಿ ಟ್ರಂಕು ಹೊತ್ತು ಮನೆಗೆ ಬರುತ್ತಿದ್ದ. ಗಣಪತಿ ಹಬ್ಬ ಮುಗಿಯುತ್ತಿದ್ದಂತೆ ಮತ್ತೆ ಹೊರಟುಬಿಡುತ್ತಿದ್ದ.

ಅವರ ಮಗಳು ಕುಸುಮಾಳಿಗೆ ಆಗ ನಾಲ್ಕು ವರ್ಷ. ಯಾರಾದರೂ ಬಂದು, "ಮನ್ಯಾಗ ಯಾರದಾರವಾ?" ಎಂದರೆ ಅವಳು ಬಾಗಿಲಲ್ಲೇ ನಿಂತು, "ಮಳಿಗಾಲದ ಅಪ್ಪ ಅದಾನ" ಎನ್ನುತ್ತಿದ್ದಳು. ಕೇಳಿದವರು ನಗುತ್ತಿದ್ದರು. ಇಂದಿರಾಬಾಯಿಯೂ ನಗುತ್ತಿದ್ದಳು, ಆದರೆ ಒಳಗೆ ಹೋಗಿ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು.

ಅಣ್ಣಾಜಿಯ ಕೆಲಸ ವಿಮಾನ ಸ್ವಚ್ಛ ಮಾಡುವುದು. ವಿಮಾನ ಇಳಿದು ಜನ ಹೊರಗೆ ಹೋದ ಕೂಡಲೆ ಒಳಗೆ ನುಗ್ಗಿ ಕಸ ಬಳಿದು, ಸೀಟು ಒರೆಸಿ, ಕೊನೆಗೆ ಪ್ರತಿ ಸೀಟಿನ ಎರಡು ಪಟ್ಟಿಗಳನ್ನು ಒಂದರ ಮೇಲೊಂದು ಕತ್ತರಿಯಂತೆ ಅಡ್ಡ ಹಾಕಿ ಬರಬೇಕು. ಪಟ್ಟಿ ಕತ್ತರಿಯಾಗಿದ್ದರೆ ಆ ಸೀಟಿನ ಕೆಲಸ ಮುಗಿದಿದೆ ಎಂದು ಅರ್ಥ. ಈ ಚಾಳಿ ಮನೆಗೂ ಬಂದಿತ್ತು. ಕೌದಿ ಮಡಚಿದರೂ ಅದರ ತುದಿ ಕತ್ತರಿ, ಮಗಳ ರಿಬ್ಬನ್ನು ಎತ್ತಿಟ್ಟರೂ ಕತ್ತರಿ.

"ಇಷ್ಟು ವರ್ಷ ವಿಮಾನದಾಗ ಅದೀರಿ, ಒಮ್ಮೆರ ಹಾರೀರೇನು?" ಎಂದು ಇಂದಿರಾಬಾಯಿ ಕೇಳುತ್ತಿದ್ದಳು.

"ಎಲ್ಲಿದು, ಹಾರೂ ಹೊತ್ತಿಗೆ ಇಳಸತಾರ" ಎನ್ನುತ್ತಿದ್ದ ಅಣ್ಣಾಜಿ.

ತೊಂಬತ್ತಮೂರರಲ್ಲಿ ಗಣಪತಿ ಹಬ್ಬ ಮುಗಿಸಿ ಹೋದವನು ಒಂದೇ ವಾರದಲ್ಲಿ ತಿರುಗಿ ಬಂದ. ನಸುಕಿನಲ್ಲಿ ಅಂಗಡಿಯ ಮುಂದೆ ಒಂದು ಲಾರಿ ನಿಂತಿತು. ಕ್ಲೀನರೂ ಅಣ್ಣಾಜಿಯೂ ಸೇರಿ ತಾಡಪಾಲು ಸುತ್ತಿದ ದೊಡ್ಡದೊಂದು ವಸ್ತುವನ್ನು ಇಳಿಸಿದರು. ತಾಡಪಾಲು ಬಿಚ್ಚಿದರೆ ಒಂದಕ್ಕೊಂದು ಅಂಟಿದ ಮೂರು ಸೀಟು! ನೀಲಿ ಬಟ್ಟೆ, ಎತ್ತರದ ಬೆನ್ನು, ತಲೆ ಇಡುವಲ್ಲಿ ಬಿಳಿ ಅರಿವೆ, ಅದರ ಮೇಲೆ ಒಂದು ಕೆಂಪು ಹಕ್ಕಿ.

"ಕಂಪನಿ ಮುಚ್ಚಿತು" ಎಂದ ಅಣ್ಣಾಜಿ. "ಬಾಡಿಗಿಗೆ ತಂದ ವಿಮಾನ ಅವು, ಮಾಲಕರು ತಿರಗಿ ಒಯ್ದರು. ನಮ್ಮ ಪಗಾರ ಎಲ್ಲಾ ಚುಕ್ತಾ ಆತು. ಹೋದ ವರ್ಷ ಸಾಮಾನು ಇಡಲಿಕ್ಕೆ ಜಾಗಾ ಬೇಕಂತ ಹಿಂದಿನ ಸಾಲು ಬಿಚ್ಚಿದ್ದರು, ಅದು ಶೆಡ್ಡಿನ್ಯಾಗ ಬಿದ್ದಿತ್ತು. ಸಾಹೇಬರು, ಅಣ್ಣಾಜಿ, ನೆನಪಿಗೆ ಒಯ್ಯಿ ಅಂದ್ರು."

"ನೆನಪಿಗೆ ಮಂದಿ ಒಂದು ಫೋಟೋ ತರತಾರ" ಎಂದಳು ಇಂದಿರಾಬಾಯಿ.

"ಫೋಟೋದ ಮ್ಯಾಲ ಗಿರಾಕಿ ಕುಂದ್ರತಾರೇನು? ಇನ್ನ ನಿನ್ನ ಭಜಿ ಹೆಂಗ ಹೋಗತಾವ ನೋಡು. ನಾ ಎಲ್ಲಿಗೂ ಹೋಗೂದಿಲ್ಲ."

ಕೊನೆಯ ಮಾತು ಕೇಳಿ ಇಂದಿರಾಬಾಯಿಗೆ ಸೀಟು ಒಮ್ಮೆಲೇ ಚೆಂದ ಕಂಡಿತು.

ಆದರೆ ಸೀಟು ಇಳಿಸುವುದನ್ನು ಎದುರಿನ ಹಾಲಸಿದ್ದಪ್ಪ ನೋಡಿದ್ದ. ಅವನದು ಹಳೆಯ ಲಾರಿ ಸಾಮಾನಿನ ಗುಜರಿ ಅಂಗಡಿ. ಅಲ್ಲಿದ್ದ ಪ್ರತಿಯೊಂದು ಸೀಟೂ ಎಲ್ಲೋ ಜಜ್ಜಿಹೋದ ಲಾರಿಯದೇ. ಲಾರಿ ನೆಟ್ಟಗಿದ್ದರೆ ಅದರ ಸೀಟನ್ನು ಯಾರು ಬಿಚ್ಚುತ್ತಾರೆ? ಹಾಗಾಗಿ ನಮ್ಮ ಹೆದ್ದಾರಿಯ ಮೇಲೆ ಗಾಡಿಯಿಲ್ಲದ ಸೀಟು ಬಂತೆಂದರೆ ಅದರ ಹಿಂದೆ ಒಂದು ಅಪಘಾತ ಇದ್ದೇ ಇದೆ ಎಂದು ಸಣ್ಣ ಹುಡುಗರಿಗೂ ಗೊತ್ತು. ಅಂಥ ಸೀಟನ್ನು ಡ್ರೈವರುಗಳು ಪೂಜೆ ಮಾಡಿಸದೆ ಮುಟ್ಟುವುದಿಲ್ಲ. ಇನ್ನು ವಿಮಾನದ ಸೀಟೆಂದರೆ ಕೇಳಬೇಕೆ?

ಹಾಲಸಿದ್ದಪ್ಪ ರಸ್ತೆ ದಾಟಿ ಬಂದು, ಸೀಟಿನಿಂದ ದೂರವೇ ನಿಂತು ಮೆಲ್ಲಗೆ ಕೇಳಿದ. "ಅಣ್ಣಾಜಿ, ಖರೇ ಹೇಳು. ಎಲ್ಲಿ ಬಿತ್ತು?"

"ಏನು?"

"ವಿಮಾನ."

"ಎಲ್ಲೂ ಬಿದ್ದಿಲ್ಲೋ ಮಾರಾಯಾ. ಕಂಪನಿ ಮುಚ್ಚೇದ."

"ವಿಮಾನ ಇಟ್ಟಾವ ಕಂಪನಿ ಮುಚ್ಚತಾನೇನು? ಗುಜರಿ ಇಟ್ಟಾವ ನಾನ ಇನ್ನೂ ಮುಚ್ಚಿಲ್ಲ!"

ಅಣ್ಣಾಜಿ ಎಷ್ಟು ತಿಳಿಸಿ ಹೇಳಿದರೂ ಅವನ ತಲೆಗೆ ಹೋಗಲಿಲ್ಲ. ಮರುದಿನ ಇಂದಿರಾಬಾಯಿ ಅಂಗಡಿ ತೆರೆಯಲು ಬಂದಾಗ ನಡುವಿನ ಸೀಟಿನ ಬೆನ್ನಿಗೆ ನಿಂಬೆಹಣ್ಣು ಮತ್ತು ಬ್ಯಾಡಗಿಯ ಕೆಂಪು ಮೆಣಸಿನಕಾಯಿ ಪೋಣಿಸಿದ ದಾರ ಜೋತಾಡುತ್ತಿತ್ತು.

"ನಾನ ಕಟ್ಟೇನ್ರಿ ಬಾಯಾರ" ಎಂದ ಹಾಲಸಿದ್ದಪ್ಪ ಎದುರಿನಿಂದಲೇ. "ನಿಮಗ ಏನೂ ಕೆಡಕ ಆಗಬಾರದಂತ. ರೊಕ್ಕಾ ಏನೂ ಕೊಡಬ್ಯಾಡ್ರಿ."

ಅವನ ಮನಸ್ಸಿನಲ್ಲಿ ಕೇಡಿರಲಿಲ್ಲ. ಆದರೆ ಆ ನಿಂಬೆಹಣ್ಣು ಊರಿಗೆಲ್ಲ ಸುದ್ದಿ ಸಾರಿತು. ಮೊದಲು ಚಪ್ಪಡಿಯ ಹತ್ತಿರವಾದರೂ ನಿಲ್ಲುತ್ತಿದ್ದ ಲಾರಿಯವರು ಈಗ ರಸ್ತೆಯ ಅಂಚಿಗೇ ನಿಂತು, ಕೈ ಉದ್ದ ಮಾಡಿ ಚಹಾ ಇಸಿದುಕೊಳ್ಳತೊಡಗಿದರು. ಬ್ಯಾಡಗಿ, ಹಾವೇರಿ, ರಾಣೆಬೆನ್ನೂರು ಮೂರೂ ಊರಿನ ಲಾರಿಗಳಲ್ಲಿ ಒಂದೇ ಮಾತು: ಮೋಟೆಬೆನ್ನೂರಿನ ಚಹಾದಂಗಡಿಯಲ್ಲಿ ಬಿದ್ದ ವಿಮಾನದ ಸೀಟು ಇಟ್ಟಿದ್ದಾರೆ. ಪರಾತದಲ್ಲಿ ಭಜಿ ತಣ್ಣಗಾಗುತ್ತಿದ್ದವು. ಮನೆಯ ಮೂವರೇ ರಾತ್ರಿ ಊಟಕ್ಕೆ ಅವನ್ನು ತಿನ್ನುತ್ತಿದ್ದರು. ಕುಸುಮಾಳಿಗೆ ಮಾತ್ರ ಬಹಳ ಸಂತೋಷ.

ಹೀಗಿರುವಾಗ ಮುಂಬೈಯಿಂದ ಅಣ್ಣಾಜಿಯ ಚಿಕ್ಕಪ್ಪನ ಮಗ ಗಂಗಾಧರ ಹೇಳಿಕಳಿಸಿದ. ಅವನಿದ್ದ ದೊಡ್ಡ ಹೋಟೆಲಿನಲ್ಲಿ ಬಟ್ಟೆ ಒಗೆಯುವ ಕಡೆ ಒಂದು ಜಾಗ ಖಾಲಿಯಿದೆ, ಬರುವುದಾದರೆ ಕೂಡಲೆ ಫೋನು ಮಾಡಬೇಕು. ಅದು ಹನ್ನೆರಡು ತಿಂಗಳೂ ನಡೆಯುವ ಹೋಟೆಲು. ಮಳೆ ಬಂದರೆ ಮುಚ್ಚುವಂಥದಲ್ಲ. ಹೋದರೆ ಗಣಪತಿ ಹಬ್ಬಕ್ಕೆ ಬಂದು ಹೋಗಲಷ್ಟೇ ರಜೆ. ಅಂದರೆ ಇಂದಿರಾಬಾಯಿಯ ಪಾಲಿಗಿದ್ದ ಮಳೆಗಾಲವೂ ಹೋದಂತೆ.

ಅಣ್ಣಾಜಿ ಕೆಲವು ದಿನ ಫೋನು ಮಾಡಲಿಲ್ಲ. ಬೆಳಿಗ್ಗೆ ಎದ್ದು ಸೀಟು ಒರೆಸಿ ಪಟ್ಟಿಗಳನ್ನು ಬಿಡಿಸಿಡುತ್ತಿದ್ದ. ಸಂಜೆ, ಯಾರೂ ಕೂರದ ಆ ಸೀಟುಗಳನ್ನು ಮತ್ತೆ ಒರೆಸಿ, ಪಟ್ಟಿಗಳನ್ನು ಕತ್ತರಿ ಹಾಕಿ ಬರುತ್ತಿದ್ದ. ಇಂದಿರಾಬಾಯಿ ಎಂದಾದರೂ ಒರೆಸಿದರೆ ಕೋಲಿನ ತುದಿಗೆ ಅರಿವೆ ಕಟ್ಟಿ ದೂರದಿಂದ ಒರೆಸುತ್ತಿದ್ದಳು. ಅದನ್ನು ಅವನು ಒಂದು ದಿನ ನೋಡಿದ.

"ನೀನೂ ಒಮ್ಮಿನೂ ಕುಂತಿಲ್ಲಲ್ಲ."

"ಕೆಲಸ ಅದ ರೀ."

"ಚಹಾ ಕುಡ್ಯೂ ಮುಂದನೂ ಕೆಲಸ? ಆ ಸುಡೂ ಕಲ್ಲಿನ ಮ್ಯಾಲರ ಕುಂದ್ರತೀ, ಇದರ ಮ್ಯಾಲ ಕುಂದ್ರೂದಿಲ್ಲ."

ಇಂದಿರಾಬಾಯಿ ಸುಳ್ಳು ಹೇಳುವವಳಲ್ಲ. "ನಿಮ್ಮ ಮ್ಯಾಲ ನಂಬಿಗಿ ಅದ ರೀ. ಸೀಟಿನ ಮ್ಯಾಲ ಇಲ್ಲ" ಎಂದಳು.

ಅಣ್ಣಾಜಿ ಎದ್ದು ಚಪ್ಪಲಿ ಮೆಟ್ಟಿದ. ಸೈಕಲ್ಲು ತೆಗೆದ. "ಬ್ಯಾಡಗಿಗೆ ಹೋಗಿ ಗಂಗಾಧರಗ ಫೋನ್ ಮಾಡಿ ಬರತೀನಿ. ನಮ್ಮ ಮನ್ಯಾವರ ಕೂಡದ ಸೀಟಿನ ಮ್ಯಾಲ ಮಂದಿ ಯಾಕ ಕೂಡತಾರ?" ಎಂದು ಹೊರಟೇಹೋದ.

ಸೈಕಲ್ಲು ಬ್ಯಾಡಗಿಯ ರಸ್ತೆಯಲ್ಲಿ ಕಾಣದಾಗುವ ತನಕ ಇಂದಿರಾಬಾಯಿ ನೋಡುತ್ತಾ ನಿಂತಳು. ಆಮೇಲೆ ಸೀಟಿನ ಕಡೆ ತಿರುಗಿದಳು. ಅವನು ಅಂದು ಪಟ್ಟಿಗಳನ್ನು ಬಿಡಿಸಿರಲೇ ಇಲ್ಲ. ಮೂರೂ ಸೀಟಿನ ಮೇಲೆ ಹಿಂದಿನ ಸಂಜೆ ಹಾಕಿದ ಕತ್ತರಿ ಹಾಗೆಯೇ ಇತ್ತು, ಕೆಲಸ ಮುಗಿಯಿತು ಎನ್ನುವಂತೆ. ಕೇಡಿನ ಸಾಮಾನು ಎಂದು ಒಳಗೆ ಗೊತ್ತಿದ್ದವನು ಅದನ್ನು ಹೀಗೆ ಮಗುವಿನ ಹಾಗೆ ಮಲಗಿಸಿ ಎಬ್ಬಿಸುತ್ತಿದ್ದನೇ?

ಅವಳು ನಿಂಬೆಹಣ್ಣಿನ ದಾರವನ್ನು ಹರಿದು ರಸ್ತೆಯಾಚೆ ಎಸೆದಳು. "ಪಾಂಡುರಂಗಾ" ಎಂದು ಕಣ್ಣು ಮುಚ್ಚಿ ಕೊನೆಯ ಸೀಟಿನಲ್ಲಿ ಕೂತೇಬಿಟ್ಟಳು.

ಏನೂ ಆಗಲಿಲ್ಲ. ಸೀಟು ಮೆತ್ತಗಿತ್ತು. ಬೆನ್ನಿಗೂ ಸೊಂಟಕ್ಕೂ ಬೆಳಗಿನಿಂದ ನಿಂತ ನೋವು ಇಳಿಯುತ್ತಾ ಹೋಯಿತು. ಕೈಗೆ ಒಂದು ಗುಂಡಿ ಸಿಕ್ಕಿತು, ಒತ್ತಿದಳು. ಬೆನ್ನು ಧಡಕ್ಕನೆ ಹಿಂದಕ್ಕೆ ವಾಲಿತು.

"ಅಯ್ಯಯ್ಯೋ, ಬಿದ್ದೆ!"

ಅಂಗಡಿಯ ಬಾಗಿಲಲ್ಲಿ ಆಡುತ್ತಿದ್ದ ಕುಸುಮಾ ಕೈ ತಟ್ಟಿ ನಕ್ಕಳು. ಇಂದಿರಾಬಾಯಿಗೂ ನಗು ಬಂತು. ಕೂತದ್ದೇ ಕೂತೆ, ಪೂರಾ ಕೂಡುತ್ತೇನೆ ಎಂದು ಪಟ್ಟಿಯ ಎರಡೂ ತುದಿ ಹಿಡಿದು ಒಂದರೊಳಗೊಂದು ತೂರಿಸಿದಳು. ಟಕ್ ಎಂದಿತು. ಉಳಿದ ತುದಿಯನ್ನು ನಡುಪಟ್ಟಿ ಬಿಗಿದಂತೆ ಜೋರಾಗಿ ಎಳೆದಳು. ಒಳ್ಳೆ ಬಿಗಿಯಾಯಿತು.

ಅಷ್ಟರಲ್ಲಿ ಒಂದು ಲಾರಿ ಬಂದು ನಿಂತಿತು. ಹಾವೇರಿಯ ಡ್ರೈವರು ಮಕ್ತುಮಸಾಬ, ಹಳೆಯ ಗಿರಾಕಿ. "ಬಾಯಾರ, ಒಂದು ಚಾ ಕೊಡ್ರಿ" ಎಂದವನು, ಅವಳನ್ನು ಸೀಟಿನಲ್ಲಿ ಕಂಡು ಅಲ್ಲೇ ನಿಂತ.

ಇಂದಿರಾಬಾಯಿ ಏಳಲು ಹೋದಳು. ಪಟ್ಟಿ ಬಿಡಲಿಲ್ಲ. ಎಳೆದಳು, ಇನ್ನೂ ಬಿಗಿಯಿತು. ಅಣ್ಣಾಜಿ ಇದನ್ನು ಬಿಚ್ಚುವ ಬಗೆಯನ್ನು ಎಲ್ಲರಿಗೂ ತೋರಿಸಿದ್ದ. ಆದರೆ ಆಗ ಅವಳೂ ಎಲ್ಲರಂತೆ ದೂರದಲ್ಲಿ ನಿಂತಿದ್ದಳು.

"ಮಕ್ತುಮಸಾಬ್ರ, ಹಾಲು! ಹಾಲು ಉಕ್ಕಲಿಕ್ಕತ್ತದ!"

ಮಕ್ತುಮಸಾಬ ಓಡಿಹೋಗಿ ಸ್ಟೋವು ಸಣ್ಣ ಮಾಡಿದ. ಆಮೇಲೆ ಹೊರಗೆ ಬಂದು, "ಹಾಲಸಿದ್ದಪ್ಪಾ, ಲಗೂ ಬಾ! ಬಾಯಾರನ್ನ ಸೀಟು ಹಿಡಕೊಂಡೈತಿ!" ಎಂದು ಕೂಗಿದ.

ಇಂಥ ಮಾತಿಗೆ ಜನ ಸೇರಲು ಎಷ್ಟು ಹೊತ್ತು? ಹಾಲಸಿದ್ದಪ್ಪ ಬಂದ. ಸೊಪ್ಪು ಮಾರಿ ಬರುತ್ತಿದ್ದ ಮುದುಕವ್ವ ಬುಟ್ಟಿ ಸಮೇತ ಬಂದಳು. ಇನ್ನೆರಡು ಲಾರಿ ನಿಂತವು.

"ನಾ ಹೇಳಿರಲಿಲ್ಲೇನ್ರಿ?" ಎಂದ ಹಾಲಸಿದ್ದಪ್ಪ.

"ಹೇಳಿದ್ದು ಸಾಕು, ಬಿಚ್ಚೂದು ಹೆಂಗ ಅದನ್ನ ಹೇಳ್ರಿ" ಎಂದಳು ಇಂದಿರಾಬಾಯಿ.

ಸೀಟಿನ ಮಿಸ್ತ್ರಿಯೆಂದರೆ ಊರಿಗೆ ಅವನೊಬ್ಬನೇ. ಆದರೆ ಪಟ್ಟಿಯ ಕೊಂಡಿ ಇದ್ದದ್ದು ಹೆಣ್ಣುಮಗಳ ಹೊಟ್ಟೆಯ ಮೇಲೆ. ಅಲ್ಲಿ ಬಗ್ಗಿ ನೋಡುವುದು ಚೆಂದವಲ್ಲ. ಹಾಲಸಿದ್ದಪ್ಪ ಆಚೆ ತುದಿಯ ಸೀಟಿನ ಕೊಂಡಿಯನ್ನು ನೋಡಿದ, ಕೈಯಲ್ಲಿ ಹಿಡಿದು ತಿರುವಿದ, ತಲೆ ಕೆರೆದುಕೊಂಡ. "ಹಾಕಿ ನೋಡಿದರ ತಿಳೀತೈತಿ. ಆದ್ರ..."

"ಆದ್ರ ಏನು? ಹೆಣ್ಮಗಳು ಕುಂತಾಳ, ನಿನಗೇನು ಧಾಡಿ? ಮೀಸಿ ಯಾತಕ್ಕ ಬಿಟ್ಟೀದಿ?" ಎಂದಳು ಮುದುಕವ್ವ.

ಜನ ಹೋ ಎಂದು ನಕ್ಕರು. ಹಾಲಸಿದ್ದಪ್ಪ ಚಪ್ಪಲಿ ಬಿಟ್ಟು, ಸೀಟನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ನಡುವಿನ ಸೀಟು ಖಾಲಿ ಬಿಟ್ಟು ಆಚೆ ತುದಿಯಲ್ಲಿ ಕೂತ. ಕೊಂಡಿ ಹಾಕಿದ. ಟಕ್. ಎಳೆದ. ಒತ್ತಿದ. ತಿರುವಿದ. ಹಣೆಯಲ್ಲಿ ಬೆವರು ಮೂಡಿತು.

"ತಿಳೀತೇನೋ?" ಎಂದ ಮಕ್ತುಮಸಾಬ.

"ಹಾಕೂದು ತಿಳೀತು" ಎಂದ ಹಾಲಸಿದ್ದಪ್ಪ ಸಣ್ಣ ದನಿಯಲ್ಲಿ.

ಈಗ ಇಬ್ಬರು ಕಟ್ಟಿಹಾಕಿಸಿಕೊಂಡು ಕೂತಿದ್ದರು. ಮುದುಕವ್ವ ಇಬ್ಬರನ್ನೂ ನೋಡಿದಳು, ನಡುವಿನ ಖಾಲಿ ಸೀಟನ್ನು ನೋಡಿದಳು. "ನಮ್ಮ ಮೊಳಕಾಲಿಗೆ ನಿಂತ ನಿಂತ ಸಾಕಾಗೈತಿ. ಇದ್ದ ಜಾಗಾ ಯಾಕ ಬಿಡಬೇಕು" ಎಂದು ಬುಟ್ಟಿ ಕೆಳಗಿಟ್ಟು ನಡುವೆ ಕೂತಳು. ಪಟ್ಟಿಯ ಗೋಜಿಗೆ ಹೋಗಲಿಲ್ಲ. ಒಂದು ಸಲ ಕುಲುಕಿ ನೋಡಿ, "ಯವ್ವಾ, ಇದು ನಮ್ಮ ಗೌಡರ ಗಾದಿಗಿಂತ ಮೆತ್ತಗೈತಲ್ಲ! ಏ ಮಕ್ತುಮಾ, ಆ ಭಜಿ ಇತ್ತಾಗ ಕೊಡು" ಎಂದಳು.

ಅವಳು ತಿನ್ನುವುದನ್ನು ನೋಡಿ ಉಳಿದವರಿಗೂ ಹಸಿವಾಯಿತು. ಮಕ್ತುಮಸಾಬನೇ ಚಹಾ ಸೋಸಿ ಹಂಚಿದ. ಇಂದಿರಾಬಾಯಿ ಕೂತಲ್ಲಿಂದಲೇ, "ಸಕ್ಕರಿ ಕೆಂಪು ಡಬ್ಬಿಯೊಳಗ ಅದ. ಅದಲ್ಲ, ಅದರ ಬಾಜೂಕಿಂದು!" ಎಂದು ಅಂಗಡಿ ನಡೆಸಿದಳು. ಪರಾತ ಖಾಲಿಯಾಯಿತು. ಕೊನೆಗೆ ಮಕ್ತುಮಸಾಬ ಲಾರಿಯಿಂದ ತಗಡು ಕತ್ತರಿಸುವ ಕತ್ತರಿ ತಂದ.

"ಪಟ್ಟಿಗೆ ಅದನ್ನ ಮುಟ್ಟಿಸಿದ್ರ ನೋಡ್ರಿ ಮತ್ತ!" ಎಂದು ಇಂದಿರಾಬಾಯಿ ಎರಡೂ ಕೈಯಿಂದ ಪಟ್ಟಿ ಮುಚ್ಚಿಕೊಂಡಳು. "ದಿನಾ ಒರಸಿ ಇಟ್ಟಾರ ಅವರು. ಬರಲಿ, ಬಂದು ಬಿಚ್ಚಲಿ. ನಾ ಕಾಯತೀನಿ."

"ನಾನೂ ಕಾಯಬೇಕೇನ್ರಿ?" ಎಂದ ಹಾಲಸಿದ್ದಪ್ಪ.

"ನಿನ್ನ ಗುಜರಿ ಇನ್ನೂ ಮುಚ್ಚಿಲ್ಲಂದಿದ್ದಿ, ನೋಡು, ತೆರದ ಐತಿ, ಯಾರ ಬೇಕಾದ್ರ ಒಯ್ಯಲಿ" ಎಂದಳು ಮುದುಕವ್ವ.

ಅಣ್ಣಾಜಿ ತಿರುಗಿ ಬಂದಾಗ ಅಂಗಡಿಯ ಮುಂದೆ ಸಾಲು ಲಾರಿ, ಗುಂಪು ಜನ. ಅಪಘಾತವೇ ಆಗಿದೆ ಎಂದುಕೊಂಡ. ಸೈಕಲ್ಲು ಕೆಡವಿ ಗುಂಪಿನೊಳಗೆ ನುಗ್ಗಿದ. ನೋಡಿದರೆ ಮೂರೂ ಸೀಟು ತುಂಬಿವೆ. ಒಂದು ತುದಿಗೆ ಹೆಂಡತಿ, ಇನ್ನೊಂದು ತುದಿಗೆ ಬೆವೆತ ಹಾಲಸಿದ್ದಪ್ಪ, ನಡುವೆ ಬಾಯ್ತುಂಬ ಭಜಿ ಇಟ್ಟುಕೊಂಡ ಮುದುಕವ್ವ.

ಅವನ ಮುಖ ಅರಳಿದ ರೀತಿಯನ್ನು ಇಂದಿರಾಬಾಯಿ ಈಗಲೂ ಹೇಳುತ್ತಾಳೆ. ನಾಲ್ಕು ವರ್ಷ ಖಾಲಿ ಸೀಟು ಒರೆಸಿದವನು ಅಂದು ತುಂಬಿದ ಸೀಟಿನ ಮುಂದೆ ನಿಂತಿದ್ದ. ಅಂಗಿ ಸರಿಮಾಡಿಕೊಂಡ, ಗಂಟಲು ಸರಿಮಾಡಿಕೊಂಡ, ವಿಮಾನದ ಹುಡುಗಿಯರು ನಿಲ್ಲುತ್ತಿದ್ದಂತೆ ನೆಟ್ಟಗೆ ನಿಂತ.

"ಕುಂತವರು ಎಲ್ಲಾರೂ ಲಕ್ಷ್ಯ ಕೊಟ್ಟು ಕೇಳ್ರಿ. ಪಟ್ಟಿ ಎಳೀಬ್ಯಾಡ್ರಿ. ಕೊಂಡಿ ಮ್ಯಾಲ ಒಂದು ತಗಡು ಅದ. ಅದನ್ನ ಎತ್ರಿ."

ಇಬ್ಬರೂ ಎತ್ತಿದರು. ಎರಡೂ ಕೊಂಡಿ ಕಳಚಿದವು.

"ಇಷ್ಟ?" ಎಂದ ಹಾಲಸಿದ್ದಪ್ಪ.

"ಇಷ್ಟ."

ಹಾಲಸಿದ್ದಪ್ಪನಿಗೆ ಬಹಳ ಅವಮಾನವಾಗಿರಬೇಕು. ಆದರೆ ಅವನು ಕಸುಬುದಾರ. ಹೆದರಿಕೆ ಹೋದ ಮೇಲೆ ಕೆಳಗೆ ಕೂತು ಸೀಟಿನ ಕಾಲುಗಳನ್ನು ಮೊದಲ ಸಲ ಹತ್ತಿರದಿಂದ ನೋಡಿದ. ಬೋಲ್ಟಿನ ತೂತುಗಳಲ್ಲಿ ಬೆರಳಾಡಿಸಿದ. ಆಮೇಲೆ ಎದ್ದು ಗುಂಪಿಗೆಲ್ಲ ಕೇಳುವಂತೆ ಹೇಳಿದ. "ಇದು ಬಿದ್ದ ಗಾಡೀದಲ್ಲ. ಬಿದ್ದಿದ್ರ ಕಾಲು ಸೊಟ್ಟಾಗಿ ತೂತು ಹರೀತಿತ್ತು. ಪಾನಾ ಹಾಕಿ ಸಾವಕಾಶ ಬಿಚ್ಯಾರ. ನಾ ಹೇಳತೇನಿ, ಕುಂದ್ರಿ!"

ಆ ಮಾತು ಅಣ್ಣಾಜಿ ಸಾವಿರ ಸಲ ಹೇಳಿದ್ದಕ್ಕಿಂತ ಹೆಚ್ಚು ನಡೆಯಿತು. ಒಬ್ಬ ಎದ್ದರೆ ಇನ್ನೊಬ್ಬ ಕೂತ. ಪಟ್ಟಿ ಹಾಕಿದರು, ತಗಡು ಎತ್ತಿದರು, ಮತ್ತೆ ಹಾಕಿದರು. ಮುದುಕವ್ವ ಮಾತ್ರ ಏಳಲಿಲ್ಲ.

ಈ ಗದ್ದಲದಲ್ಲಿ ಇಂದಿರಾಬಾಯಿ ಗಂಡನನ್ನು ಸ್ಟೋವಿನ ಹತ್ತಿರ ಕರೆದಳು. "ಫೋನ್ ಮಾಡಿದ್ರೇನು?"

"ಮಾಡಿದೆ. ಐತವಾರ ಬರತೀನಂತ ಹೇಳಿದೆ."

ಅವಳು ಖಾಲಿ ಪರಾತವನ್ನು ಎತ್ತಿ ತೋರಿಸಿದಳು. "ಹಂಗಾರ ತಿರಗಿ ಹೋಗ್ರಿ. ಬರೂದಿಲ್ಲಂತ ಹೇಳ್ರಿ."

"ಈಗ ಹೇಳೇನಿ, ಈಗ ಇಲ್ಲಂದ್ರ ಗಂಗಾಧರ ಬೈತಾನ."

"ಬೈಲಿ. ಬೈಸಿಕೊಂಡು ಬರೂ ಮುಂದ ಕಡ್ಲಿಹಿಟ್ಟು ತರ್ರಿ, ಮುಗದದ."

ಅಣ್ಣಾಜಿ ಸೈಕಲ್ಲು ಎತ್ತಿಕೊಂಡ. ಈ ಸಲ ಅವನು ಹಾಡು ಗುನುಗುತ್ತಾ ಹೋದನೆಂದು ಇಂದಿರಾಬಾಯಿ ಹೇಳುತ್ತಾಳೆ. ಗುನುಗಿದ್ದು ತಾನಲ್ಲವೇ ಅಲ್ಲ ಎಂದು ಅಣ್ಣಾಜಿ ಹೇಳುತ್ತಾನೆ.

ಆ ವರ್ಷ ದಸರೆಗೆ ಹಾಲಸಿದ್ದಪ್ಪನೇ ಚೆಂಡುಹೂವಿನ ಮಾಲೆ ತಂದು ಸೀಟಿಗೆ ಹಾಕಿದ. ಆಯುಧಪೂಜೆಯ ದಿನ ಗಾಡಿಯ ಗಾಲಿಗೆ ಇಡುವ ನಿಂಬೆಹಣ್ಣನ್ನು ಅದರ ನಾಲ್ಕೂ ಕಾಲಿಗೆ ಇಟ್ಟ. ಬೇಸಿಗೆಯ ಹೊತ್ತಿಗೆ ಬ್ಯಾಡಗಿಯ ಪೇಟೆಗೆ ಮೆಣಸಿನಕಾಯಿ ಚೀಲ ಹೇರಿಕೊಂಡು ಬರುವ ಗಾಡಿಗಳ ಸಾಲು ಹತ್ತಿತು. ಗಾಳಿಯೆಲ್ಲ ಘಾಟು, ಎಲ್ಲರೂ ಸೀನುವವರೇ. ಸೀನುತ್ತಲೇ ಪಟ್ಟಿ ಬಿಗಿದು ಭಜಿ ತಿನ್ನುತ್ತಿದ್ದರು. ಒಂದು ದಿನ ಯಾರೋ ಬಂದು ಮನೆಯಲ್ಲಿ ಯಾರಿದ್ದಾರೆಂದು ಕೇಳಿದಾಗ ಕುಸುಮಾ, "ಅಪ್ಪ ಅದಾನ" ಎಂದು ಹೇಳಿ, ಆಕಾಶ ನೋಡಿ, "ಮಳಿ ಇಲ್ಲದಿದ್ರೂ ಅದಾನ" ಎಂದು ಸೇರಿಸಿದಳು.

ಇದೆಲ್ಲ ಆಗಿ ಐದು ವರ್ಷವಾಯಿತು. ತಲೆಯ ಅರಿವೆಯ ಮೇಲಿನ ಕೆಂಪು ಹಕ್ಕಿ ಒಗೆದು ಒಗೆದು ಬಿಳಿಚಿಕೊಂಡಿದೆ. ಮುದುಕವ್ವ ಕೂತು ಕೂತು ನಡುವಿನ ಸೀಟು ತಗ್ಗಾಗಿದೆ. ಪಟ್ಟಿಗಳು ಮಾತ್ರ ಗಟ್ಟಿಯಾಗಿವೆ. ಅಣ್ಣಾಜಿ ಇನ್ನೂ ವಿಮಾನದಲ್ಲಿ ಹಾರಿಲ್ಲ, ಹಾರಬೇಕೆಂದು ಹೇಳುವುದೂ ಇಲ್ಲ.

ಅವರ ಅಂಗಡಿಯಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ, ಈಗ ಸಂಜೆಯಾಗಿದೆ. ಅಣ್ಣಾಜಿ ಕಾಕಾ ಕಡಲೆಹಿಟ್ಟು ತರಲು ಬ್ಯಾಡಗಿಗೆ ಹೋಗಿದ್ದಾರೆ, ಮೌಶಿ ಬಾಣಲೆ ತಿಕ್ಕುತ್ತಿದ್ದಾಳೆ. ನಾನು ಇದನ್ನು ಇಲ್ಲಿಗೆ ನಿಲ್ಲಿಸಿ, ಸೀಟು ಒರೆಸಿ, ಮೂರೂ ಪಟ್ಟಿಗಳನ್ನು ಕತ್ತರಿ ಹಾಕಿ ಬರುತ್ತೇನೆ.